ದೇವರು ಕೂಡುವ ತಿಂಗಳು: ಇಜುಮೋ ಸೀಮೆಯ ಒಂದು ಆಚರಣೆಯ ಇತಿಹಾಸ

ಜಪಾನಿನ ಹಳೆಯ ಚಾಂದ್ರಮಾನ ಪಂಚಾಂಗದ ಹತ್ತನೆಯ ತಿಂಗಳನ್ನು ದೇಶದ ಬಹುಭಾಗದಲ್ಲಿ ಕನ್ನಜುಕಿ, ಎಂದರೆ ದೇವರಿಲ್ಲದ ತಿಂಗಳು, ಎಂದು ಕರೆಯುವ ರೂಢಿಯಿದ್ದರೆ, ಹೊನ್ಶು ದ್ವೀಪದ ಪಶ್ಚಿಮದಲ್ಲಿ ಜಪಾನ್ ಸಮುದ್ರಕ್ಕೆ ಮುಖಮಾಡಿರುವ ಇಜುಮೋ ಸೀಮೆಯಲ್ಲಿ ಮಾತ್ರ ಅದಕ್ಕೆ ಕಮಿಅರಿಜುಕಿ, ದೇವರಿರುವ ತಿಂಗಳು, ಎಂಬ ಹೆಸರು ನಿಂತಿದೆ. ನಾಡಿನ ಎಲ್ಲ ಊರುಗಳ, ಬೆಟ್ಟಗಳ, ಹೊಳೆಗಳ ದೇವರುಗಳು ಆ ತಿಂಗಳು ತಮ್ಮ ತಮ್ಮ ನೆಲೆಗಳನ್ನು ಬಿಟ್ಟು ಇಜುಮೋದಲ್ಲಿ ಸಭೆ ಸೇರುತ್ತಾರೆ, ಮುಂದಿನ ವರ್ಷದ ಮಳೆಬೆಳೆಗಳನ್ನೂ ಮನುಷ್ಯರ ಸಂಬಂಧಗಳನ್ನೂ ಅಲ್ಲಿ ಕೂತು ತೀರ್ಮಾನಿಸುತ್ತಾರೆ ಎಂಬುದು ಈ ಎರಡು ಹೆಸರುಗಳ ಹಿಂದಿರುವ ನಂಬಿಕೆ. ಕರ್ನಾಟಕದ ಪಂಚಾಂಗದಂತೆ ಜಪಾನಿನ ಹಳೆಯ ಪಂಚಾಂಗದಲ್ಲಿಯೂ ತಿಂಗಳು ಅಮಾವಾಸ್ಯೆಯಿಂದ ಆರಂಭವಾಗುವುದರಿಂದ, ಈ ಹತ್ತನೆಯ ತಿಂಗಳು ಬಹುತೇಕ ವರ್ಷಗಳಲ್ಲಿ ನಮ್ಮ ಕಾರ್ತಿಕ ಮಾಸದ ಜೊತೆಯಲ್ಲಿಯೇ ಬರುತ್ತದೆ.

ಈ ದೇವಸಭೆಯನ್ನು ಅನಾದಿಕಾಲದಿಂದ ಒಂದೇ ರೂಪದಲ್ಲಿ ನಡೆದುಬಂದದ್ದೆಂದು ಹೇಳುವುದು ವಾಡಿಕೆ. ಆದರೆ ಬರಹಗಳ ಸಾಕ್ಷ್ಯವನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಇಂದಿನ ಆಚರಣೆಯೊಳಗೆ ಬೇರೆ ಬೇರೆ ಕಾಲದ ಪದರಗಳಿರುವುದು ಕಾಣುತ್ತದೆ: ತಳದಲ್ಲಿ, ಚಳಿಗಾಲದ ಹೊಸ್ತಿಲಲ್ಲಿ ಕಡಲಂಚಿನ ಜನ ಭಯಭಕ್ತಿಯಿಂದ ಪಾಲಿಸುತ್ತಿದ್ದ ಒಂದು ಮೌನದ ನೋಂಪಿ, ಅದರ ಮೇಲೆ ಪುರಾಣದ ವ್ಯಾಖ್ಯಾನ, ಅದಕ್ಕೂ ಮೇಲೆ ಅರ್ಚಕರ ಸಂಚಾರ, ಪೇಟೆಯ ಕಥೆಗಳು ಮತ್ತು ರಾಜಕೀಯ. ಸಭೆಯ ಕಥೆ ದೇಶವ್ಯಾಪಿಯಾದದ್ದು ತೀರ ಈಚೆಗೆ. ಅದರ ಬೇರಾದ ನೋಂಪಿಯಾದರೋ ಇಜುಮೋದ್ದೇ ಸ್ವಂತದ್ದು.

ಪುರಾಣದ ಕಡೆಯಿಂದ ನೋಡುವುದಾದರೆ, ಕ್ರಿ.ಶ. 712ರ ‘ಕೊಜಿಕಿ’ ಮತ್ತು 720ರ ‘ನಿಹೊನ್ ಶೊಕಿ’ ಎಂಬ ಎರಡು ಆಸ್ಥಾನ ಗ್ರಂಥಗಳಲ್ಲಿ ಇಜುಮೋಗೆ ದೊರೆತ ಜಾಗ ಅಚ್ಚರಿ ಹುಟ್ಟಿಸುವಷ್ಟು ದೊಡ್ಡದು. ಸ್ವರ್ಗದಿಂದ ಹೊರದಬ್ಬಿಸಿಕೊಂಡ ಸುಸಾನೊ ದೇವ ಇಳಿದುಬಂದು ಎಂಟು ತಲೆಯ ಸರ್ಪವನ್ನು ಕೊಂದದ್ದು ಇಲ್ಲಿಯ ಹೀ ನದಿಯ ತಲೆಯೂರಿನಲ್ಲಿ. ಅವನ ವಂಶದ ಓಕುನಿನುಶಿ, ಎಂದರೆ ಮಹಾನಾಡಿನ ಒಡೆಯ, ಭೂಮಿಯನ್ನು ಹದಗೊಳಿಸಿ ಆಳಿದ್ದು ಇಲ್ಲಿಂದಲೇ. ಸೂರ್ಯದೇವತೆ ಅಮತೆರಾಸು ಆ ಭೂಮಿ ತನ್ನ ಸಂತತಿಗೆ ಸೇರಬೇಕೆಂದು ಸಂಕಲ್ಪಿಸಿ ದೂತರನ್ನು ಕಳುಹಿಸುತ್ತಾಳೆ. ಮೊದಲು ಬಂದ ಅಮೆನೊಹೊಹಿ ಓಕುನಿನುಶಿಗೇ ಒಲಿದು ಮೂರು ವರ್ಷ ಕಳೆದರೂ ವರದಿ ಒಪ್ಪಿಸುವುದಿಲ್ಲ. ಕೊನೆಗೆ ಬಂದ ತಕೆಮಿಕಾಜುಚಿ ಎಂಬ ವೀರದೇವ ಇನಾಸ ಎಂಬ ಕಡಲತೀರದಲ್ಲಿ ತನ್ನ ನೀಳ ಖಡ್ಗವನ್ನು ಅಲೆಯ ತುದಿಯ ಮೇಲೆ ತಲೆಕೆಳಗಾಗಿ ನೆಟ್ಟು, ಅದರ ಮೊನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಉತ್ತರ ಕೇಳುತ್ತಾನೆ. ಓಕುನಿನುಶಿಯ ಒಬ್ಬ ಮಗ ಕೊತೊಶಿರೊನುಶಿ ಒಪ್ಪಿ ಮರೆಯಾಗುತ್ತಾನೆ. ಇನ್ನೊಬ್ಬ ಮಗ ತಕೆಮಿನಕತ ಕಾದಾಡಿ ಸೋತು, ದೂರದ ಸುವಾ ಸರೋವರದವರೆಗೆ ಓಡಿ, ಆ ಜಾಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂದು ಮಾತು ಕೊಟ್ಟು ಜೀವ ಉಳಿಸಿಕೊಳ್ಳುತ್ತಾನೆ. ಹೀಗೆ ನಾಡನ್ನು ಬಿಟ್ಟುಕೊಟ್ಟ ಓಕುನಿನುಶಿ ಪ್ರತಿಯಾಗಿ ಕೇಳುವುದು ಒಂದು ಭವ್ಯ ಮಂದಿರವನ್ನು. ‘ನಿಹೊನ್ ಶೊಕಿ’ಯ ಒಂದು ಪಾಠಾಂತರದಲ್ಲಿ ಈ ಒಪ್ಪಂದಕ್ಕೆ ಇನ್ನೊಂದು ಷರತ್ತು ಸೇರಿದೆ: ಕಣ್ಣಿಗೆ ಕಾಣುವ ಆಡಳಿತವೆಲ್ಲ ಅಮತೆರಾಸುವಿನ ಮೊಮ್ಮಗನಿಗೆ, ಕಾಣದ ಲೋಕದ ವ್ಯವಹಾರಗಳೆಲ್ಲ ಓಕುನಿನುಶಿಗೆ. ಸೋತವನ ಪಾಲಿಗೆ ಬಂದ ಈ ಕಾಣದ ಅಧಿಕಾರವೇ ಮುಂದೆ ಸಾವಿರ ವರ್ಷಗಳ ಬಳಿಕ ದೇವಸಭೆಗೆ ಶಾಸ್ತ್ರಾಧಾರವಾಯಿತು.

ಆ ಭವ್ಯ ಮಂದಿರದ ಸ್ಥಾನದಲ್ಲಿ ಇಂದು ಇರುವುದು ಇಜುಮೋ ತೈಶಾ, ಎಂದರೆ ಇಜುಮೋದ ಮಹಾದೇಗುಲ. 1871ರವರೆಗೆ ಅದನ್ನು ಊರಿನ ಹಳೆಯ ಹೆಸರಿನಿಂದ ಕಿಜುಕಿ ತೈಶಾ ಎನ್ನುತ್ತಿದ್ದರು. ಈಗಿನ ಗರ್ಭಗುಡಿ 1744ರದು, ಎತ್ತರ ಸುಮಾರು 24 ಮೀಟರ್. ಹಿಂದೆ ಅದು ಇದರ ಎರಡರಷ್ಟು, 48 ಮೀಟರ್ ಎತ್ತರವಿತ್ತೆಂಬ ಪರಂಪರೆಯ ಮಾತನ್ನು ವಿದ್ವಾಂಸರಲ್ಲಿ ಹಲವರು ಅತಿಶಯೋಕ್ತಿಯೆಂದೇ ಎಣಿಸಿದ್ದರು. ಕ್ರಿ.ಶ. 970ರ ಒಂದು ಮಕ್ಕಳ ಪಾಠಪುಸ್ತಕದಲ್ಲಿ ದೇಶದ ಅತಿ ಎತ್ತರದ ಕಟ್ಟಡಗಳ ಸಾಲಿನಲ್ಲಿ ನಾರಾ ನಗರದ ಮಹಾಬುದ್ಧನ ಸಭಾಂಗಣಕ್ಕಿಂತ ಇಜುಮೋ ದೇಗುಲವೇ ಮುಂದಿದ್ದರೂ ಅನುಮಾನ ಅಳಿದಿರಲಿಲ್ಲ. 2000ನೆಯ ಇಸವಿಯಲ್ಲಿ ಅಂಗಳವನ್ನು ಅಗೆದಾಗ, ಮೂರು ದಿಮ್ಮಿಗಳನ್ನು ಒಂದಾಗಿ ಬಿಗಿದ, ಒಟ್ಟು ಸುಮಾರು 3 ಮೀಟರ್ ಅಡ್ಡಳತೆಯ ಕಂಬದ ಬುಡಗಳು ಹೊರಬಂದವು. ಅವು 1248ರ ನಿರ್ಮಾಣಕ್ಕೆ ಸೇರಿದವೆಂದು ಗುರುತಿಸಲಾಗಿದೆ. ಎತ್ತರದ ಲೆಕ್ಕ ಇನ್ನೂ ಚರ್ಚೆಯಲ್ಲಿದ್ದರೂ, ಅಷ್ಟು ದಪ್ಪದ ಕಂಬಗಳನ್ನು ಕಂಡ ಮೇಲೆ ಹಳೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವುದು ಯಾರಿಗೂ ಸಾಧ್ಯವಾಗಿಲ್ಲ. ದೇಗುಲದ ಪ್ರಧಾನ ಅರ್ಚಕನಿಗೆ ಕೊಕುಸೊ, ಎಂದರೆ ನಾಡಿನ ಅಧಿಪತಿ, ಎಂಬ ಬಿರುದು. ಅಮತೆರಾಸುವಿನ ಮಾತು ಮರೆತು ಓಕುನಿನುಶಿಯ ಪಕ್ಷ ಸೇರಿದ ಆ ಮೊದಲ ದೂತ ಅಮೆನೊಹೊಹಿಯೇ ಈ ಮನೆತನದ ಮೂಲಪುರುಷ. ಹದಿನಾಲ್ಕನೆಯ ಶತಮಾನದಲ್ಲಿ ಮನೆತನ ಸೆಂಗೆ ಮತ್ತು ಕಿತಾಜಿಮಾ ಎಂದು ಎರಡಾಗಿ ಒಡೆಯಿತು.

ಇಷ್ಟು ವೈಭವದ ಪುರಾಣದಲ್ಲಿ ವರ್ಷಕ್ಕೊಮ್ಮೆ ಸೇರುವ ದೇವಸಭೆಯ ಮಾತೇ ಇಲ್ಲವೆಂಬುದು ಗಮನಿಸಬೇಕಾದ ಸಂಗತಿ. ಆಸ್ಥಾನದ ಎರಡು ಗ್ರಂಥಗಳಲ್ಲಿಯೂ ಇಲ್ಲ. ಇಜುಮೋದವರೇ ಬರೆದು 733ರಲ್ಲಿ ಒಪ್ಪಿಸಿದ ‘ಇಜುಮೋ ಫುದೊಕಿ’ಯಲ್ಲಿಯೂ, ಎಂದರೆ ಆ ಸೀಮೆಯ ನೆಲ, ಬೆಳೆ, ಸ್ಥಳಪುರಾಣಗಳ ವರದಿಯಲ್ಲಿಯೂ ಇಲ್ಲ. ಆದರೆ ಅದರ ಬೀಜವೆನ್ನಬಹುದಾದ ಎರಡು ಕಿರುಕಥೆಗಳು ಫುದೊಕಿಯಲ್ಲಿ ಸಿಗುತ್ತವೆ. ಒಂದರಲ್ಲಿ, ಓಕುನಿನುಶಿಗೆ ಅರಮನೆ ಕಟ್ಟಲು ಹಲವು ದೇವರುಗಳು ಒಂದೆಡೆ ಕೂಡಿ ನೆಲವನ್ನು ಗಟ್ಟಿಯಾಗಿ ತುಳಿದು ಹದಮಾಡಿದರು, ಆದ್ದರಿಂದ ಊರಿಗೆ ಕಿಜುಕಿ ಎಂದು ಹೆಸರಾಯಿತು ಎನ್ನಲಾಗಿದೆ. ಇನ್ನೊಂದು ಇದಕ್ಕಿಂತ ಸೊಗಸಾದದ್ದು: ಸಾಕಾ ಎಂಬ ಹೊಳೆಯ ದಡದಲ್ಲಿ ನೂರೆಂಬತ್ತು ದೇವರುಗಳು ಸೇರಿ, ಅಡುಗೆಮನೆ ಹೂಡಿ, ಅಕ್ಕಿಯ ಮದ್ಯವನ್ನು ತಯಾರಿಸಿ, ನೂರೆಂಬತ್ತು ದಿನ ಉಂಡು ಕುಡಿದು ನಲಿದು, ಆಮೇಲೆ ತಮ್ಮ ತಮ್ಮ ದಾರಿ ಹಿಡಿದು ಚದುರಿದರಂತೆ. ದೇವರು ಬರುವುದು, ತಂಗುವುದು, ಉಣ್ಣುವುದು, ಹೊರಡುವುದು ಎಂಬ ನಾಲ್ಕೂ ಘಟ್ಟಗಳು ಈ ಪುಟ್ಟ ಕಥೆಯಲ್ಲಿ ಆಗಲೇ ಇವೆ. ಇಲ್ಲದಿರುವುದು ತಿಂಗಳು ಮತ್ತು ಕಾರಣ.

ತಿಂಗಳೂ ಇಜುಮೋವೂ ಒಟ್ಟಿಗೆ ಸಿಗುವುದು ಹನ್ನೆರಡನೆಯ ಶತಮಾನದಲ್ಲಿ. ಫುಜಿವಾರ ನೊ ಕಿಯೊಸುಕೆ ಎಂಬ ಆಸ್ಥಾನ ಕವಿ ‘ಓಗಿಶೊ’ ಎಂಬ ತನ್ನ ಕಾವ್ಯಶಾಸ್ತ್ರ ಗ್ರಂಥದಲ್ಲಿ ತಿಂಗಳುಗಳ ಹೆಸರನ್ನು ವಿವರಿಸುತ್ತ, ಹತ್ತನೆಯ ತಿಂಗಳಲ್ಲಿ ದೇವರುಗಳೆಲ್ಲ ಇಜುಮೋಗೆ ಹೋಗುವುದರಿಂದ ಬೇರೆಡೆ ದೇವರಿಲ್ಲವಾಗಿ ಆ ಹೆಸರು ಬಂತೆಂದು ಬರೆದಿದ್ದಾನೆ. ಹೆಸರು ಮೊದಲಿದ್ದು, ಅದನ್ನು ವಿವರಿಸಲು ಕಥೆ ಬಂದಿರುವ ಸಾಧ್ಯತೆಯೇ ಹೆಚ್ಚು. ಕನ್ನಜುಕಿಯ ನಡುವಿನ ಅಕ್ಷರ ಮೂಲತಃ ‘ಇಲ್ಲ’ ಎಂಬುದಲ್ಲ, ಷಷ್ಠಿಯ ಪ್ರತ್ಯಯ, ಹಾಗಾಗಿ ಅದು ‘ದೇವರ ತಿಂಗಳು’ ಎಂದಷ್ಟೇ ಇದ್ದಿರಬೇಕು ಎಂಬ ಅಭಿಪ್ರಾಯಕ್ಕೆ ಭಾಷಾಶಾಸ್ತ್ರಜ್ಞರಲ್ಲಿ ಬಲವಿದೆ. ಎರಡು ಶತಮಾನಗಳ ಬಳಿಕವೂ ಕಥೆ ಒಂದು ನೆಲೆಗೆ ನಿಂತಿರಲಿಲ್ಲವೆನ್ನುವುದಕ್ಕೆ ಯೊಶಿದಾ ಕೆಂಕೊ ಎಂಬ ಸನ್ಯಾಸಿ ಲೇಖಕನ ‘ತ್ಸುರೆಜುರೆಗುಸ’ ಸಾಕ್ಷಿ. 1330ರ ಸುಮಾರಿನ ಆ ಕೃತಿಯಲ್ಲಿ ಅವನು ಈ ತಿಂಗಳು ದೇವರೆಲ್ಲ ಸೇರುವುದು ಇಸೆಯ ಮಹಾದೇಗುಲದಲ್ಲಿ, ಎಂದರೆ ಅಮತೆರಾಸುವಿನ ಸನ್ನಿಧಿಯಲ್ಲಿ, ಎಂಬ ಮಾತನ್ನು ಉಲ್ಲೇಖಿಸಿ, ಅದಕ್ಕೆ ಆಧಾರಗ್ರಂಥವಿಲ್ಲವೆಂದು ಬದಿಗಿಡುತ್ತಾನೆ. ಗೆದ್ದವಳ ಇಸೆಯೂ ಸೋತವನ ಇಜುಮೋವೂ ಒಂದು ಕಾಲದಲ್ಲಿ ಈ ಸಭೆಯ ಹಕ್ಕುದಾರರಾಗಿದ್ದು, ಜನಮನದಲ್ಲಿ ಕೊನೆಗೆ ಇಜುಮೋವೇ ಉಳಿಯಿತು.

ಅದು ಉಳಿಯಲು ಮುಖ್ಯ ಕಾರಣ, ಇಜುಮೋದಲ್ಲಿ ಆ ತಿಂಗಳಿಗೆ ಕಥೆಗಿಂತ ಗಟ್ಟಿಯಾದ ಒಂದು ಆಚರಣೆ ಇದ್ದದ್ದೇ ಇರಬೇಕು. ಸ್ಥಳೀಯರು ಈ ಕಾಲವನ್ನು ಇಂದಿಗೂ ಓಯಿಮಿಸಾನ್ ಎನ್ನುತ್ತಾರೆ. ಇಮಿ ಎಂದರೆ ಮಡಿ, ನಿಷೇಧ, ದೇವರ ಸಾಮೀಪ್ಯದಲ್ಲಿ ಮೈಮನಗಳನ್ನು ಬಿಗಿಹಿಡಿದಿರುವ ಸ್ಥಿತಿ. ಈ ನೋಂಪಿಯ ಹಳೆಯ ಕೇಂದ್ರ ಮಹಾದೇಗುಲಕ್ಕಿಂತಲೂ ಮತ್ಸುಎ ನಗರದ ಉತ್ತರಕ್ಕಿರುವ ಸಾದ ದೇಗುಲವೇ ಆಗಿದ್ದಂತೆ ತೋರುತ್ತದೆ. ಅಲ್ಲಿಯ ಪರಂಪರೆಯಲ್ಲಿ ದೇವರುಗಳು ಬರುವುದು ಸಭೆಗಲ್ಲ. ದ್ವೀಪಗಳನ್ನೂ ದೇವರುಗಳನ್ನೂ ಹೆತ್ತ ಆದಿಮಾತೆ ಇಜನಾಮಿ ಅಗ್ನಿದೇವನನ್ನು ಹೆರುವಾಗ ಸುಟ್ಟು ಸತ್ತಳು. ಅವಳನ್ನು ಹೂಳಿದ್ದು ಇಜುಮೋ ಮತ್ತು ಹೋಕಿ ಸೀಮೆಗಳ ಗಡಿಯ ಹಿಬಾ ಬೆಟ್ಟದಲ್ಲಿ ಎನ್ನುತ್ತದೆ ‘ಕೊಜಿಕಿ’. ಆ ತಾಯಿಯನ್ನು ನೆನೆಯಲು ಮಕ್ಕಳಾದ ದೇವರುಗಳು ವರ್ಷಕ್ಕೊಮ್ಮೆ ಸಾದಕ್ಕೆ ಬರುತ್ತಾರೆ ಎಂಬುದು ಅಲ್ಲಿಯ ನಂಬಿಕೆ. ಆದ್ದರಿಂದ ಅದು ಸೂತಕಕ್ಕೆ ಹತ್ತಿರವಾದ ಕಾಲ. ಹಾಡು, ಕುಣಿತ, ವಾದ್ಯ ಇಲ್ಲ. ಮನೆ ಕಟ್ಟುವ ಕೆಲಸ ನಿಲ್ಲುತ್ತದೆ. ಹೊಲಿಗೆ ಹಾಕುವುದು, ಉಗುರು ಕತ್ತರಿಸುವುದು, ಅಂಗಳ ಗುಡಿಸುವುದು ಕೂಡ ಹಿಂದೆ ನಿಷಿದ್ಧವಾಗಿತ್ತು. ದೇವರುಗಳು ಹೊರಡುವ ರಾತ್ರಿಗೆ ಕರಸದೆ ಎಂದು ಹೆಸರು. ಆ ರಾತ್ರಿ ಅರ್ಚಕರು ಕನ್ನೊಮೆ ಎಂಬ ಬೆಟ್ಟವನ್ನು ಕತ್ತಲಲ್ಲಿ ಹತ್ತಿ, ತುದಿಯಲ್ಲಿರುವ ಸಣ್ಣ ಕೊಳದಲ್ಲಿ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟು ದೇವರನ್ನು ಬೀಳ್ಕೊಡುತ್ತಾರೆ. ಊರವರು ಹೊರಗೆ ಸುಳಿಯಬಾರದು. ಆ ಹೊತ್ತಿನಲ್ಲಿ ಹೊರಮನೆಗೆ ಹೋದವರನ್ನು ಕರಸದೆ ಮುದುಕಿ ಹಿಂದಿನಿಂದ ಸವರುತ್ತಾಳೆಂದು ಮಕ್ಕಳನ್ನು ಹೆದರಿಸುವ ರೂಢಿ ಸೀಮೆಯ ಮನೆಮನೆಗಳಲ್ಲಿತ್ತು. ಹಬ್ಬಕ್ಕೆ ಬಂದ ಅತಿಥಿಗಳ ಬಗ್ಗೆ ಇಂಥ ಭಯ ಇರುವುದಿಲ್ಲ. ಇದು ಕಾಣದವರು ನೆರೆಯಲ್ಲಿ ಇಳಿದಿದ್ದಾರೆಂಬ ಅರಿವಿನ ಭಯ, ಮತ್ತು ಆಚರಣೆಯ ಅತ್ಯಂತ ಪುರಾತನ ಪದರವಿರುವುದು ಇದರಲ್ಲಿಯೇ.

ಈ ಭಯಕ್ಕೆ ಹವಾಮಾನದ ಒತ್ತಾಸೆಯೂ ಇತ್ತು. ಹತ್ತನೆಯ ತಿಂಗಳ ಹೊತ್ತಿಗೆ ಏಷ್ಯಾದ ಭೂಖಂಡದ ಕಡೆಯಿಂದ ವಾಯವ್ಯದ ಗಾಳಿ ಬಿರುಸಾಗಿ ಬೀಸಿ ಕಡಲು ಕೆರಳುತ್ತದೆ. ಸ್ಥಳೀಯರು ಅದನ್ನು ಓಯಿಮಿಯ ಬಿರುಗಾಳಿ ಎಂದೇ ಕರೆಯುತ್ತಾರೆ. ಅದೇ ದಿನಗಳಲ್ಲಿ, ದಕ್ಷಿಣದ ಬೆಚ್ಚನೆಯ ನೀರಿನ ವಾಸಿಯಾದ ಒಂದು ಹಾವು, ಬೆನ್ನು ಕಪ್ಪಾಗಿ ಹೊಟ್ಟೆ ಹಳದಿಯಾಗಿರುವ ವಿಷದ ಕಡಲಹಾವು, ತ್ಸುಶಿಮಾ ಪ್ರವಾಹದ ಜೊತೆ ಉತ್ತರಕ್ಕೆ ತೇಲಿಬಂದು, ತಣ್ಣೀರಿನಲ್ಲಿ ಕಸುವು ಕಳೆದುಕೊಂಡು, ಆ ಗಾಳಿಗೆ ಸಿಕ್ಕಿ ಇಜುಮೋದ ದಡಗಳಿಗೆ ಬಂದು ಬೀಳುತ್ತದೆ. ಇತರ ಕಾಲದಲ್ಲಿ ಕಾಣದ, ಮಿನುಗುವ ಮೈಯ ಈ ಜೀವಿಯನ್ನು ಜನ ರ್ಯೂಜಾ, ನಾಗರೂಪದ ದೇವದೂತ, ಎಂದು ಭಾವಿಸಿದರು. ಬರುವ ದೇವರುಗಳಿಗೆ ದಾರಿ ತೋರಿಸುತ್ತ ಮುಂದೆ ಈಜುವವನು ಅವನೇ. ಹಾವನ್ನು ಕಂಡ ಬೆಸ್ತರು ಅದನ್ನು ಕಡಲಪಾಚಿಯ ಮೇಲಿರಿಸಿ ಸಾದ, ಹಿನೊಮಿಸಾಕಿ ಅಥವಾ ಮಹಾದೇಗುಲಕ್ಕೆ ಒಪ್ಪಿಸುತ್ತಿದ್ದರು. ಅರ್ಚಕರು ಅದನ್ನು ಸುರುಳಿ ಸುತ್ತಿ ಒಣಗಿಸಿ ಮರದ ಹರಿವಾಣದಲ್ಲಿಟ್ಟು ಪೂಜಿಸುತ್ತಿದ್ದರು. ಬೆಂಕಿ, ನೆರೆ, ಕಳ್ಳತನಗಳಿಂದ ಮನೆ ಕಾಯುವ ದೇವರಾಗಿಯೂ ರ್ಯೂಜಾನ ಪೂಜೆ ಬೆಳೆಯಿತು. ಪ್ರವಾಹ, ಗಾಳಿ, ಹಾವು, ಋತು ಇವು ಒಂದೇ ವಾರದಲ್ಲಿ ಒಂದೇ ತೀರದಲ್ಲಿ ಕೂಡಿಬರುವ ಸ್ಥಳದಲ್ಲಿ, ಯಾರೋ ಕಡಲ ಮೇಲಿನಿಂದ ಬರುತ್ತಿದ್ದಾರೆಂದು ಜನ ಅರಿತುಕೊಂಡದ್ದು ಸಹಜವೇ ಆಗಿದೆ.

ಇಂದಿನ ಮಹಾದೇಗುಲದ ವಿಧಿಗಳಲ್ಲಿ ಈ ಪದರಗಳೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಚಾಂದ್ರಮಾನದ ಹತ್ತನೆಯ ತಿಂಗಳ ಹತ್ತನೆಯ ದಿನ ಸಂಜೆ, ತಕೆಮಿಕಾಜುಚಿ ಖಡ್ಗ ನೆಟ್ಟನೆನ್ನುವ ಅದೇ ಇನಾಸ ತೀರದಲ್ಲಿ ಪವಿತ್ರ ಬೆಂಕಿ ಹೊತ್ತಿಸಿ, ಕಡಲಿಗೆ ಎದುರಾಗಿ ರ್ಯೂಜಾನನ್ನೂ ಹಿಮೊರೊಗಿಗಳನ್ನೂ ಇರಿಸುತ್ತಾರೆ. ಹಿಮೊರೊಗಿಯೆಂದರೆ ದೇವರು ಬಂದು ನೆಲಸುವ ಹಸಿರು ರೆಂಬೆ. ಆವಾಹನೆಯ ಬಳಿಕ ಆ ರೆಂಬೆಗಳನ್ನು ಬಿಳಿಯ ಬಟ್ಟೆಯ ಮರೆಯಲ್ಲಿ ಹೊತ್ತು, ಮುಂದೆ ರ್ಯೂಜಾನನ್ನಿಟ್ಟುಕೊಂಡು, ಕಮಿಮುಕಾಎ ದಾರಿ ಎಂದು ಹೆಸರಾದ ಹಳೆಯ ಬೀದಿಯಲ್ಲಿ ಮೆರವಣಿಗೆ ದೇಗುಲಕ್ಕೆ ಸಾಗುತ್ತದೆ, ಹಿಂದೆ ಸಾವಿರಾರು ಭಕ್ತರು ನಡೆಯುತ್ತಾರೆ. ಬಂದ ದೇವರುಗಳಿಗೆ ಗರ್ಭಗುಡಿಯ ಪೂರ್ವ ಪಶ್ಚಿಮಗಳಲ್ಲಿರುವ ಎರಡು ಉದ್ದನೆಯ ಕಟ್ಟಡಗಳೇ ಬಿಡಾರ. ಒಂದೊಂದಕ್ಕೂ ಹತ್ತೊಂಬತ್ತು ಬಾಗಿಲುಗಳಿರುವುದರಿಂದ ಅವುಗಳನ್ನು ಹತ್ತೊಂಬತ್ತರ ಗುಡಿಗಳೆನ್ನುತ್ತಾರೆ. ವರ್ಷವಿಡೀ ಮುಚ್ಚಿರುವ ಬಾಗಿಲುಗಳು ಈ ದಿನಗಳಲ್ಲಿ ತೆರೆದಿರುತ್ತವೆ. ಹನ್ನೊಂದರಿಂದ ಹದಿನೇಳರವರೆಗೆ ನಡೆಯುವ ಸಭೆಯ ಸ್ಥಳ ಮಾತ್ರ ಮಹಾದೇಗುಲವಲ್ಲ, ತೀರದ ದಾರಿಯಲ್ಲಿರುವ ಕಮಿನೊಮಿಯಾ ಎಂಬ ಪುಟ್ಟ ಗುಡಿ. ಅಷ್ಟು ದೊಡ್ಡ ಸಭೆಗೆ ಅಷ್ಟು ಚಿಕ್ಕ ಗುಡಿ ಸಾಕಾಗಿರುವುದು ಕಾಣದ ಲೋಕದ ಅಳತೆಗಳು ಬೇರೆಯೆಂಬ ನಂಬಿಕೆಗೆ ತಕ್ಕುದಾಗಿದೆ. ಹದಿನೇಳರ ಸಂಜೆ ಅರ್ಚಕನೊಬ್ಬ ದ್ವಾರಗೋಪುರದ ಕದವನ್ನು ಮೂರು ಸಲ ಬಡಿದು, ಹೊರಡುವ ಹೊತ್ತಾಯಿತೆಂದು ದೇವರುಗಳಿಗೆ ಕೂಗಿ ತಿಳಿಸುತ್ತಾನೆ. ಅಲ್ಲಿಂದ ಅವರ ಪಯಣ ಸೀಮೆಯ ಇತರ ಗುಡಿಗಳ ಕಡೆಗೆ ಸಾಗಿ, ಹೀ ನದಿಯ ಬಳಿಯ ಮಂಕುಸೆನ್ ಗುಡಿಯಲ್ಲಿ ಇಪ್ಪತ್ತಾರರಂದು ಕೊನೆಯ ಔತಣದೊಂದಿಗೆ ಮುಗಿಯುತ್ತದೆ. ಅಲ್ಲಿಯ ಅರ್ಚಕ ಪ್ಲಮ್ ಮರದ ಸಣ್ಣ ರೆಂಬೆಯಿಂದ ಬಾಗಿಲು ತಟ್ಟಿ ಅದೇ ಕೂಗನ್ನು ಕೂಗುತ್ತಾನೆ.

ಈ ಸಭೆಗೆ ಅಧ್ಯಕ್ಷ ಓಕುನಿನುಶಿಯೇ ಎಂಬುದು ಇಂದು ಸ್ವಯಂಸಿದ್ಧವೆಂಬಂತೆ ಕಂಡರೂ, ಮಧ್ಯಯುಗದ ಬಹುಕಾಲ ಮಹಾದೇಗುಲದ ಆರಾಧ್ಯದೈವವೆಂದು ಪರಿಗಣಿತನಾಗಿದ್ದವನು ಸುಸಾನೊ. ಆಗ ದೇಗುಲದ ಸುತ್ತ ಬೌದ್ಧ ಮಠದ ಪ್ರಭಾವ ದಟ್ಟವಾಗಿತ್ತು; ಹದಿನಾರನೆಯ ಶತಮಾನದಲ್ಲಿ ಅಮಾಗೊ ಪಾಳೆಯಗಾರರ ಆಶ್ರಯದಲ್ಲಿ ಅಂಗಳದಲ್ಲಿಯೇ ಮೂರು ಅಂತಸ್ತಿನ ಬೌದ್ಧ ಗೋಪುರ ಎದ್ದಿತು. 1667ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಬೌದ್ಧ ಕಟ್ಟಡಗಳನ್ನೆಲ್ಲ ತೆರವುಗೊಳಿಸಿ, ಪ್ರಾಚೀನ ಗ್ರಂಥಗಳ ಆಧಾರದ ಮೇಲೆ ಓಕುನಿನುಶಿಗೆ ಸ್ಥಾನವನ್ನು ಮರಳಿ ಕೊಡಲಾಯಿತು. ಗರ್ಭಗುಡಿಗೆ ಬೇಕಾದ ಹೆಮ್ಮರಗಳನ್ನು ಒದಗಿಸಿದ ಇಂದಿನ ಹ್ಯೋಗೊ ಪ್ರಾಂತ್ಯದ ಒಂದು ಬೆಟ್ಟದ ಕ್ಷೇತ್ರಕ್ಕೆ ಆ ಗೋಪುರವನ್ನು ಬಿಚ್ಚಿ ಕಳುಹಿಸಿಕೊಟ್ಟರು. ಅದು ಇಂದಿಗೂ ಅಲ್ಲಿ ನಿಂತಿದೆ. ಆದರೆ 1666ರಲ್ಲಿ ಮೋರಿ ಮನೆತನದ ಪ್ರಭು ಅರ್ಪಿಸಿದ ಕಂಚಿನ ತೋರಣದ್ವಾರದ ಶಾಸನದಲ್ಲಿ ಸುಸಾನೊನ ಹೆಸರೇ ಕೆತ್ತಿರುವುದರಿಂದ, ದೈವ ಬದಲಾದ ಗಳಿಗೆ ಕಂಚಿನಲ್ಲಿ ಹಾಗೆಯೇ ಉಳಿದುಬಿಟ್ಟಿದೆ.

ಈ ಜೀರ್ಣೋದ್ಧಾರದ ಕಾಲದಿಂದೀಚೆಗೆ ಸಭೆಯ ಸುದ್ದಿಯನ್ನು ದೇಶದುದ್ದಕ್ಕೂ ಒಯ್ದವರು ಓಶಿಗಳು. ಇವರು ಪ್ರಾಂತ್ಯಗಳನ್ನು ಹಂಚಿಕೊಂಡು ಊರೂರು ತಿರುಗಿ, ದೇವರ ರಕ್ಷಾಪತ್ರ ಕೊಟ್ಟು, ಕಾಣಿಕೆ ಪಡೆದು, ಯಾತ್ರಿಕರನ್ನು ಕರೆತಂದು ತಮ್ಮ ಮನೆಗಳಲ್ಲಿ ಇಳಿಸಿಕೊಳ್ಳುತ್ತಿದ್ದ ಅರ್ಚಕರು. ದೇವರುಗಳು ಯಾರ ಬಾಳಿಗೆ ಯಾರೆಂದು ಗಂಟು ಹಾಕುತ್ತಾರೆ ಎಂಬ ಎನ್‌ಮುಸುಬಿಯ ನಂಬಿಕೆ, ಎಂದರೆ ಸಂಬಂಧ ಬೆಸೆಯುವ ನಂಬಿಕೆ, ಈ ಕಾಲದಲ್ಲಿಯೇ ಹರಡಿ, ಇಜುಮೋದ ದೇವರು ಮದುವೆ ಕೂಡಿಸುವವನೆಂದು ಪೇಟೆಯ ಸಾಹಿತ್ಯದಲ್ಲಿ ಹೆಸರಾದನು. ಉಳಿದ ಊರುಗಳಲ್ಲಿ ಹುಟ್ಟಿದ ಪ್ರಶ್ನೆ ಬೇರೆ: ದೇವರು ಹೋದ ಮೇಲೆ ಮನೆ ಕಾಯುವವರು ಯಾರು? ಅದಕ್ಕೆ ಎಬಿಸು, ಬೆಸ್ತರ ಮತ್ತು ವರ್ತಕರ ದೇವರು, ಕಾವಲಿಗೆ ಉಳಿಯುತ್ತಾನೆ ಎಂಬ ಉತ್ತರ ಸಿಕ್ಕಿತು. ಸುವಾ ಸರೋವರದ ತಕೆಮಿನಕತನೂ, ಕೊಟ್ಟ ಮಾತಿಗೆ ಕಟ್ಟುಬಿದ್ದು, ಸಭೆಗೆ ಹೋಗುವುದಿಲ್ಲ. ಈ ಗೈರುಹಾಜರಿಯ ನಂಬಿಕೆ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ 1855ರ ಎದೊ ನಗರದ ಭೂಕಂಪವೇ ಪ್ರಮಾಣ. ಭೂಮಿಯಡಿಯ ಮಹಾ ಬೆಕ್ಕುಮೀನು ಮಿಸುಕಿದರೆ ನೆಲ ನಡುಗುತ್ತದೆ, ಕಾಶಿಮಾ ಕ್ಷೇತ್ರದ ತಕೆಮಿಕಾಜುಚಿ ಅದನ್ನು ಬಂಡೆಯಿಂದ ಒತ್ತಿಹಿಡಿದಿರುತ್ತಾನೆ ಎಂಬುದು ಜನರ ಕಲ್ಪನೆ. ಕಂಪನ ಸಂಭವಿಸಿದ್ದು ಹತ್ತನೆಯ ತಿಂಗಳ ಎರಡನೆಯ ದಿನದ ರಾತ್ರಿ. ಕಾಶಿಮಾ ದೇವ ಇಜುಮೋಗೆ ಹೋಗಿದ್ದ, ಕಾವಲಿಗಿದ್ದ ಎಬಿಸು ಕಣ್ಣು ಮುಚ್ಚಿದ್ದ, ಬೆಕ್ಕುಮೀನು ತಪ್ಪಿಸಿಕೊಂಡಿತು ಎಂದು ಚಿತ್ರಿಸುವ ಮರದಚ್ಚಿನ ಪಟಗಳು ಕೆಲವೇ ದಿನಗಳಲ್ಲಿ ಬೀದಿಬೀದಿಯಲ್ಲಿ ಮಾರಾಟವಾದವು. ಸಾವಿರಾರು ಜನ ಸತ್ತ ಊರಿನಲ್ಲಿ ಉಳಿದವರು ತಮ್ಮ ದುಃಖಕ್ಕೆ ಕಾರಣ ಹುಡುಕಿಕೊಂಡದ್ದು ಹೀಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಕಾಣದ ಲೋಕ ದೊಡ್ಡ ವಿವಾದಕ್ಕೂ ಕಾರಣವಾಯಿತು. ಹಿರಾತಾ ಅತ್ಸುತಾನೆ (1776–1843) ಎಂಬ ಪಂಡಿತ, ಸತ್ತವರ ಜೀವವೆಲ್ಲ ಓಕುನಿನುಶಿಯ ಅಧೀನಕ್ಕೆ ಹೋಗುತ್ತದೆ, ಅವರ ನಡತೆಯನ್ನು ಅಳೆಯುವವನು ಅವನೇ ಎಂದು ಪ್ರತಿಪಾದಿಸಿದ. ಮೇಜಿ ಸರ್ಕಾರ ಶಿಂಟೋ ಧರ್ಮವನ್ನು ರಾಜ್ಯದ ಚೌಕಟ್ಟಿಗೆ ತಂದಾಗ, ಎಂಬತ್ತನೆಯ ಕೊಕುಸೊ ಆಗಿದ್ದ ಸೆಂಗೆ ತಕಾತೊಮಿ ಈ ಸಿದ್ಧಾಂತದ ಬಲದಿಂದ, ಟೋಕಿಯೋದ ಕೇಂದ್ರ ಪೂಜಾಸ್ಥಳದಲ್ಲಿ ಓಕುನಿನುಶಿಗೂ ಪೀಠ ಸಿಗಬೇಕೆಂದು ವಾದಿಸಿದ. ಇಸೆಯ ಅರ್ಚಕರು ಅದನ್ನು ಬಲವಾಗಿ ವಿರೋಧಿಸಿದರು. ದೇಶದ ಶಿಂಟೋ ವಲಯವನ್ನೇ ಎರಡು ಪಾಳೆಯಗಳಾಗಿ ಸೀಳಿದ ಈ ಜಗಳ 1881ರಲ್ಲಿ ಚಕ್ರವರ್ತಿಯ ನಿರ್ಣಯದಿಂದ ಇಜುಮೋದ ವಿರುದ್ಧವಾಗಿ ಮುಗಿಯಿತು. ಮರುವರ್ಷ ತಕಾತೊಮಿ ಅರ್ಚಕ ಪದವಿಯನ್ನು ತ್ಯಜಿಸಿ ಇಜುಮೋ ತೈಶಾಕ್ಯೊ ಎಂಬ ಸ್ವತಂತ್ರ ಪಂಥವನ್ನು ಸ್ಥಾಪಿಸಿದ. ಸೋತ ಬಳಿಕವೂ ಜನರ ನಡುವೆ ಕಟ್ಟಿಕೊಂಡ ಈ ನೆಲೆಯಿಂದಲೇ ಇಜುಮೋದ ಪ್ರಭಾವ ಮುಂದುವರಿಯಿತು.

ಇದೇ ಮೇಜಿ ಕಾಲದಲ್ಲಿ, 1873ರಲ್ಲಿ, ಜಪಾನು ಚಾಂದ್ರಮಾನವನ್ನು ಕೈಬಿಟ್ಟು ಗ್ರೆಗೋರಿಯನ್ ಪಂಚಾಂಗವನ್ನು ಹಿಡಿಯಿತು. ಮಹಾದೇಗುಲ ದೇವರ ಸ್ವಾಗತಕ್ಕೆ ಹಳೆಯ ತಿಥಿಯನ್ನೇ ಉಳಿಸಿಕೊಂಡಿತು, ಸಾದ ದೇಗುಲ ನವೆಂಬರ್ 20ರಿಂದ 25ರವರೆಗೆ ಎಂದು ದಿನಾಂಕ ಗೊತ್ತುಮಾಡಿಕೊಂಡಿತು. ಆದ್ದರಿಂದ 2023ರಲ್ಲಿ ದೇವರುಗಳು ಇನಾಸ ತೀರದಲ್ಲಿ ಇಳಿದದ್ದು ನವೆಂಬರ್ 22ರಂದು, ಆದರೆ ಅದಕ್ಕೆ ಎರಡು ದಿನ ಮೊದಲೇ ಸಾದದಲ್ಲಿ ಅವರ ಸ್ವಾಗತ ನಡೆದಿತ್ತು. ಸಾದ ದೇಗುಲದಲ್ಲಿ ಇದಲ್ಲದೆ ಇನ್ನೂ ಒಂದು ವಿಧಿಯಿದೆ: ಎಲ್ಲರೂ ಹೊರಟ ಮೇಲೆಯೂ ಕೆಲವು ದೇವರುಗಳು ಉಳಿದಿರಬಹುದೆಂದು, ಅವರಿಗಾಗಿ ನವೆಂಬರ್ 30ರಂದು ಮತ್ತೊಮ್ಮೆ ಬೀಳ್ಕೊಡುಗೆ ನಡೆಸುತ್ತಾರೆ.